ಒಂದೇ ಕಾರ್ಖಾನೆ, ಆರು ನಾಮಫಲಕ

1970ರಲ್ಲಿ ಐರ್ಲೆಂಡಿನ ಬ್ಯಾಂಕ್ ನೌಕರರು ಮುಷ್ಕರ ಹೂಡಿದರು. ತಿಂಗಳುಗಟ್ಟಲೆ ಬ್ಯಾಂಕುಗಳ ಬಾಗಿಲು ತೆರೆಯಲಿಲ್ಲ. ಡಬ್ಲಿನ್ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ 22 ವರ್ಷದ ತರುಣನೊಬ್ಬ, ಸಂಬಳವಿಲ್ಲದೆ ಮನೆಯಲ್ಲಿ ಕೂರುವುದೇಕೆಂದು ಫ್ರಾನ್ಸಿನ ಕರಾವಳಿಗೆ ಹತ್ತಿರವಿರುವ ಜರ್ಸಿ ದ್ವೀಪಕ್ಕೆ ಹೋದ. ಅಲ್ಲಿ ಪುಟ್ಟ ಪುಟ್ಟ ಗೋ-ಕಾರ್ಟ್‌ಗಳ ಓಟವನ್ನು ಮೊದಲ ಬಾರಿಗೆ ಕಂಡ. ಊರಿಗೆ ಮರಳಿ ತಾನೂ ಒಂದು ಕಾರ್ಟ್ ಕೊಂಡು, ಮರುವರ್ಷವೇ ಐರ್ಲೆಂಡಿನ ಕಾರ್ಟ್ ಚಾಂಪಿಯನ್ ಆದ.

ಆ ಗುಮಾಸ್ತನೇ ಎಡ್ಡಿ ಜೋರ್ಡನ್. ಮುಂದೆ ಆತ ಕಟ್ಟಿದ ಫಾರ್ಮುಲಾ ಒನ್ ತಂಡ ಇಂದಿಗೂ ಇದೆ, ಆದರೆ ಆತನ ಹೆಸರಿನಲ್ಲಿ ಇಲ್ಲ. ಜೋರ್ಡನ್, ಮಿಡ್‌ಲ್ಯಾಂಡ್, ಸ್ಪೈಕರ್, ಫೋರ್ಸ್ ಇಂಡಿಯಾ, ರೇಸಿಂಗ್ ಪಾಯಿಂಟ್, ಆಸ್ಟನ್ ಮಾರ್ಟಿನ್ ಎಂದು ಮೂವತ್ತು ವರ್ಷಗಳಲ್ಲಿ ಆ ಕಾರ್ಖಾನೆಯ ಗೇಟಿಗೆ ಆರು ಬೋರ್ಡುಗಳು ಬಂದಿವೆ. ಒಡೆಯರು ಬಂದರು, ಹೋದರು. ಕಾರಿನ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಿತ್ತಳೆಗೆ, ಅಲ್ಲಿಂದ ನಮ್ಮ ತ್ರಿವರ್ಣಕ್ಕೆ, ಗುಲಾಬಿಗೆ, ಮತ್ತೆ ಹಸಿರಿಗೆ ತಿರುಗಿತು. ಒಳಗೆ ಸ್ಪ್ಯಾನರು ಹಿಡಿದು ಕೆಲಸ ಮಾಡುತ್ತಿದ್ದವರಲ್ಲಿ ಹಲವರು ಮಾತ್ರ ಅವರೇ. ಈ ಆರರಲ್ಲಿ ಒಂದು ಬೋರ್ಡಿನ ಹಿಂದೆ ಬೆಂಗಳೂರು ಇದ್ದುದರಿಂದ ಈ ಕಥೆ ಕನ್ನಡಿಗರಿಗೂ ತೀರ ದೂರದ್ದಲ್ಲ.

ಗುಮಾಸ್ತನ ಗ್ಯಾರೇಜು

ಜೋರ್ಡನ್ ಚಾಲಕನಾಗಿ ತಕ್ಕಮಟ್ಟಿಗೆ ಹೆಸರು ಮಾಡಿದರೂ ಕಾರು ಓಡಿಸುವುದಕ್ಕಿಂತ ಓಡಿಸುವವರನ್ನು ಪತ್ತೆಹಚ್ಚುವುದರಲ್ಲಿ ಆತನ ಕೈ ಪಳಗಿತ್ತು. ಸ್ವಂತ ತಂಡ ಕಟ್ಟಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನೆಲೆಯೂರಿದ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣವೊಂದು ಯುದ್ಧ ಮುಗಿದ ಮೇಲೆ ರೇಸ್ ಟ್ರ್ಯಾಕ್ ಆದ ಜಾಗ ಅದು. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ಪಂದ್ಯ ನಡೆದದ್ದೂ ಅಲ್ಲಿಯೇ.

1983ರ ಬ್ರಿಟಿಷ್ ಫಾರ್ಮುಲಾ ತ್ರೀ ಪಂದ್ಯಾವಳಿಯಲ್ಲಿ ಜೋರ್ಡನ್ ತಂಡದ ಮಾರ್ಟಿನ್ ಬ್ರಂಡಲ್, ಬ್ರೆಜಿಲ್‌ನ ಆಯರ್ಟನ್ ಸೆನ್ನಾ ಎಂಬ ಪ್ರಚಂಡನನ್ನು ಕೊನೆಯ ಪಂದ್ಯದವರೆಗೂ ಕಾಡಿ ಸೋತ. 1987ರಲ್ಲಿ ಜಾನಿ ಹರ್ಬರ್ಟ್ ಅದೇ ಪಂದ್ಯಾವಳಿಯನ್ನು ಗೆದ್ದುಕೊಟ್ಟ. 1989ರಲ್ಲಿ ಜಾನ್ ಅಲೇಸಿ, ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 3000 ಪ್ರಶಸ್ತಿ ತಂದ. ಇನ್ನುಳಿದದ್ದು ಆ ಒಂದು ಮೆಟ್ಟಿಲು. ಆದರೆ ಅದು ಎಲ್ಲಕ್ಕಿಂತ ಎತ್ತರದ್ದು.

ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ತಂಡಗಳು ಸಿದ್ಧ ಕಾರನ್ನು ಕೊಂಡು ಓಡಿಸಿದರೆ ಸಾಕು. ಫಾರ್ಮುಲಾ ಒನ್‌ನಲ್ಲಿ ಹಾಗಿಲ್ಲ. ಎಂಜಿನನ್ನು ಹೊರಗಿನಿಂದ ಪಡೆಯಬಹುದಾದರೂ ಕಾರಿನ ಒಡಲನ್ನು ಆಯಾ ತಂಡವೇ ರೂಪಿಸಬೇಕು. ಆದ್ದರಿಂದಲೇ ಅಲ್ಲಿ ಎರಡು ಪ್ರಶಸ್ತಿಗಳಿವೆ, ಚಾಲಕನಿಗೊಂದು ಮತ್ತು 1958ರಿಂದ ಕಾರು ತಯಾರಕರಿಗೊಂದು. ಬಹುಮಾನದ ಹಣ ಹಂಚಿಕೆಯಾಗುವುದು ಈ ಎರಡನೆಯ ಪಟ್ಟಿಯ ಪ್ರಕಾರ. ಪಟ್ಟಿಯಲ್ಲಿ ಒಂದು ಸ್ಥಾನ ಮೇಲೇರಿದರೆ ಮುಂದಿನ ವರ್ಷ ಕೋಟಿಗಟ್ಟಲೆ ರೂಪಾಯಿಯಷ್ಟು ಹೆಚ್ಚು, ಇಳಿದರೆ ಅಷ್ಟು ಕಡಿಮೆ. ಬಡ ತಂಡಗಳು ಒಂದೊಂದು ಅಂಕಕ್ಕೂ ಪ್ರಾಣ ಬಿಡುವುದು ಈ ಕಾರಣಕ್ಕೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಉತ್ತರ ಐರ್ಲೆಂಡಿನ ಗ್ಯಾರಿ ಆ್ಯಂಡರ್ಸನ್ ಎಂಬ ಎಂಜಿನಿಯರ್, ಆ್ಯಂಡ್ರೂ ಗ್ರೀನ್ ಮತ್ತು ಮಾರ್ಕ್ ಸ್ಮಿತ್ ಎಂಬ ಇಬ್ಬರು ಹುಡುಗರನ್ನು ಜತೆಗಿಟ್ಟುಕೊಂಡು ಮೊದಲ ಕಾರನ್ನು ರೂಪಿಸಿದರು. ಅದಕ್ಕೆ 911 ಎಂಬ ಹೆಸರಿಟ್ಟಾಗ, ಅದೇ ಸಂಖ್ಯೆಯ ಕಾರು ಮಾರುವ ಪೋರ್ಷೆ ಕಂಪೆನಿ ತಗಾದೆ ತೆಗೆಯಿತು. ಅಂಕಿಗಳನ್ನು ಅದಲುಬದಲು ಮಾಡಿ 191 ಎಂದು ಕರೆದದ್ದಾಯಿತು. ಸೆವೆನ್‌ಅಪ್ ಪಾನೀಯದವರ ಹಣ ಬಂದದ್ದರಿಂದ ಕಾರಿಗೆ ಹಸಿರು ಬಣ್ಣ. ಐರ್ಲೆಂಡಿನ ಬಣ್ಣವೂ ಅದೇ ಆಗಿದ್ದುದು ಜೋರ್ಡನ್‌ಗೆ ಇಮ್ಮಡಿ ಲಾಭ. ಸರಳ ರೇಖೆಗಳ ಆ ಕಾರು ಇಂದಿಗೂ ಫಾರ್ಮುಲಾ ಒನ್‌ನ ಅತಿ ಸುಂದರ ಕಾರುಗಳ ಸಾಲಿನಲ್ಲಿ ಎಣಿಕೆಯಾಗುತ್ತದೆ.

ಆ ಕಾಲದಲ್ಲಿ ತಂಡಗಳ ಸಂಖ್ಯೆ ಹೆಚ್ಚಿದ್ದುದರಿಂದ ಹೊಸಬರಿಗೆ ಮೊದಲೊಂದು ಜರಡಿ ಇತ್ತು. ಶುಕ್ರವಾರ ಬೆಳಗ್ಗೆ ಒಂದು ತಾಸಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಉಳಿದವರು ಅಭ್ಯಾಸ ಆರಂಭಿಸುವ ಮೊದಲೇ ಗಂಟುಮೂಟೆ ಕಟ್ಟಬೇಕು. 1991ರ ಮಾರ್ಚ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಜೋರ್ಡನ್ ತಂಡದ ಎರಡು ಕಾರುಗಳಲ್ಲಿ ಒಂದು ಈ ಜರಡಿಯಲ್ಲೇ ಉದುರಿತು. ಆದರೆ ಜೂನ್‌ನಲ್ಲಿ ಕೆನಡಾದಲ್ಲಿ ಅವೇ ಕಾರುಗಳು ನಾಲ್ಕನೆಯ ಹಾಗೂ ಐದನೆಯ ಸ್ಥಾನ ಗಳಿಸಿದವು. ಋತುವಿನ ಕೊನೆಗೆ ತಂಡಕ್ಕೆ 13 ಅಂಕ, ತಯಾರಕರ ಪಟ್ಟಿಯಲ್ಲಿ ಐದನೆಯ ಸ್ಥಾನ. ಮೊದಲ ವರ್ಷದ ತಂಡಕ್ಕೆ ಇದು ಕಡಿಮೆ ಸಾಧನೆಯಲ್ಲ.

ನಡುವೆ ಒಂದು ವಿಚಿತ್ರ ಘಟನೆ ನಡೆಯಿತು. ತಂಡದ ಚಾಲಕ ಬರ್ಟ್ರಾಂಡ್ ಗಾಶೋ ಲಂಡನ್ನಿನಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ಜತೆ ಜಗಳವಾಡಿ ಆತನ ಮುಖಕ್ಕೆ ಅಶ್ರುವಾಯು ಸಿಂಪಡಿಸಿದ್ದ. ಆಗಸ್ಟ್‌ನಲ್ಲಿ ನ್ಯಾಯಾಲಯ ಆತನನ್ನು ಜೈಲಿಗೆ ಕಳುಹಿಸಿತು. ಬೆಲ್ಜಿಯಂನ ಸ್ಪಾ ಪಂದ್ಯಕ್ಕೆ ಕಾರು ಖಾಲಿ. ಆಗ ಮರ್ಸಿಡಿಸ್ ಕಂಪೆನಿ ಹಣ ತೆತ್ತು ತನ್ನ ಆಶ್ರಯದಲ್ಲಿದ್ದ ಹುಡುಗನೊಬ್ಬನನ್ನು ಆ ಸೀಟಿನಲ್ಲಿ ಕೂರಿಸಿತು. ಹುಡುಗನಿಗೆ ಸ್ಪಾ ಟ್ರ್ಯಾಕ್ ಗೊತ್ತೇ ಎಂದು ಜೋರ್ಡನ್ ಕೇಳಿದಾಗ, ಚೆನ್ನಾಗಿ ಗೊತ್ತು ಎಂದು ಆತನ ಮ್ಯಾನೇಜರ್ ವಿಲ್ಲಿ ವೆಬರ್ ಹೇಳಿದರಂತೆ. ವಾಸ್ತವದಲ್ಲಿ ಆ ಹುಡುಗ ಅಲ್ಲಿ ಒಮ್ಮೆಯೂ ಕಾರು ಓಡಿಸಿರಲಿಲ್ಲ. ಸೈಕಲ್ಲಿನಲ್ಲಿ ಟ್ರ್ಯಾಕ್ ಸುತ್ತಿ ತಿರುವುಗಳನ್ನು ಕಲಿತ ಆತ ಅರ್ಹತಾ ಸುತ್ತಿನಲ್ಲಿ ಏಳನೆಯವನಾದ! ಪಂದ್ಯದ ಮೊದಲ ಸುತ್ತಿನಲ್ಲೇ ಕ್ಲಚ್ ಕೈಕೊಟ್ಟಿತು. ಮುಂದಿನ ಪಂದ್ಯದ ಹೊತ್ತಿಗೆ ಬೆನೆಟನ್ ತಂಡ ಆತನನ್ನು ಎಗರಿಸಿಕೊಂಡು ಹೋಗಿತ್ತು. ಹುಡುಗನ ಹೆಸರು ಮೈಕೆಲ್ ಶೂಮಾಕರ್. ಏಳು ಬಾರಿ ವಿಶ್ವ ಚಾಂಪಿಯನ್ ಆದ ಆತ ಜೋರ್ಡನ್ ಕಾರನ್ನು ಓಡಿಸಿದ್ದು ಅದೊಂದೇ ಪಂದ್ಯದಲ್ಲಿ.

ಹಳದಿಯ ದಿನಗಳು

ಮೊದಲ ವರ್ಷದ ಸಂಭ್ರಮ ಮುಗಿದಾಗ ಖಜಾನೆ ಬರಿದಾಗಿತ್ತು. ದುಡ್ಡು ಕೊಟ್ಟು ಪಡೆಯಬೇಕಿದ್ದ ಕಾಸ್ವರ್ತ್ ಎಂಜಿನ್ ಬಿಟ್ಟು, ಪುಕ್ಕಟೆ ಸಿಕ್ಕ ಯಮಹಾ ಎಂಜಿನ್ ಹಾಕಿದ್ದರ ಫಲ 1992ರಲ್ಲಿ ಇಡೀ ವರ್ಷಕ್ಕೆ ಒಂದೇ ಅಂಕ. ಕಂಪೆನಿ ಉಳಿಯಿತು, ಕಾರು ಹಿಂದುಳಿಯಿತು. ಇಂಥ ಲೆಕ್ಕಾಚಾರದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಅನುಭವ ಜೋರ್ಡನ್‌ಗೆ ನೆರವಾಗಿರಬೇಕು.

ಚೇತರಿಕೆ ನಿಧಾನವಾಗಿ ಬಂತು. 1994ರಲ್ಲಿ ರೂಬೆನ್ಸ್ ಬ್ಯಾರಿಕೆಲ್ಲೊ ಜಪಾನಿನ ಐದಾದಲ್ಲಿ ಮೂರನೆಯವನಾಗಿ ತಂಡಕ್ಕೆ ಮೊದಲ ಬಾರಿ ವಿಜಯ ವೇದಿಕೆ ಹತ್ತಿಸಿದ. 1996ರಲ್ಲಿ ಬೆನ್ಸನ್ ಅಂಡ್ ಹೆಜಸ್ ಸಿಗರೇಟಿನ ಹಣ ಬಂದು ಕಾರು ಹಳದಿಯಾಯಿತು. ಅದರ ಮೂತಿಯ ಮೇಲೆ ಒಂದು ವರ್ಷ ಹಾವು, ಮರುವರ್ಷ ಕಣಜ. ತಂಬಾಕು ಜಾಹೀರಾತಿಗೆ ನಿಷೇಧವಿದ್ದ ದೇಶಗಳಲ್ಲಿ ಸಿಗರೇಟಿನ ಹೆಸರಿನ ಕೆಲವು ಅಕ್ಷರಗಳನ್ನು ಅಳಿಸಿ, ಉಳಿದವುಗಳಿಂದ ‘ಬಿ ಆನ್ ಎಡ್ಜ್’ ಎಂದು ಓದುವಂತೆ ಮಾಡುವ ಚಾಲಾಕಿತನವನ್ನೂ ಈ ತಂಡ ತೋರಿತು. ಮದ್ಯದ ಜಾಹೀರಾತು ನಿಷೇಧವಾದಾಗ ಅದೇ ಹೆಸರಿನ ಸೋಡಾ, ನೀರಿನ ಬಾಟಲಿಗಳು ಟಿ.ವಿ.ಯಲ್ಲಿ ಕಾಣಿಸಿಕೊಂಡದ್ದನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಕಾಣದು. ಜೋರ್ಡನ್ ಸ್ವತಃ ಡ್ರಮ್ ಬಾರಿಸುತ್ತಿದ್ದ. ಪಂದ್ಯ ಮುಗಿದ ಮೇಲೆ ಸಿಲ್ವರ್‌ಸ್ಟೋನ್‌ನಲ್ಲಿ ಪಾಪ್ ಸಂಗೀತ, ಕುಣಿತ. ಗಂಭೀರ ಮುಖದ ದೊಡ್ಡ ಕಂಪೆನಿಗಳ ನಡುವೆ ಈ ತಂಡ ಜಾತ್ರೆಯ ಅಂಗಡಿಯಂತೆ ಎದ್ದು ಕಾಣುತ್ತಿತ್ತು. ಆದರೆ ಗೆಲುವು ಮಾತ್ರ ಬಂದಿರಲಿಲ್ಲ.

ಅದು ಬಂದದ್ದು 1998ರ ಆಗಸ್ಟ್ 30ರಂದು, ಅದೇ ಸ್ಪಾದಲ್ಲಿ. ಜಡಿಮಳೆ. ಪಂದ್ಯ ಆರಂಭವಾದ ಕೆಲವೇ ಸೆಕೆಂಡುಗಳಲ್ಲಿ ಮೊದಲ ತಿರುವು ದಾಟಿದೊಡನೆ ಒಂದು ಕಾರು ಜಾರಿ, ಹಿಂದಿನಿಂದ ಬಂದವು ಒಂದಕ್ಕೊಂದು ಗುದ್ದಿ, ಒಟ್ಟು 13 ಕಾರುಗಳು ಪುಡಿಯಾದವು. ಯಾರ ಪ್ರಾಣಕ್ಕೂ ಅಪಾಯವಾಗದಿದ್ದುದು ಪವಾಡ. ಪಂದ್ಯವನ್ನು ಮತ್ತೆ ಮೊದಲಿನಿಂದ ನಡೆಸಲಾಯಿತು. ಭಾರಿ ಅಂತರದಿಂದ ಮುಂದಿದ್ದ ಶೂಮಾಕರ್, ನೀರಿನ ತುಂತುರಿನಲ್ಲಿ ಕಾಣದೆ ಡೇವಿಡ್ ಕೂಲ್ತರ್ಡ್ ಕಾರಿಗೆ ಹಿಂದಿನಿಂದ ಗುದ್ದಿ ಮೂರು ಚಕ್ರದಲ್ಲಿ ಕುಂಟುತ್ತಾ ಹಿಂದಿರುಗಿದ. ಆಗ ಮೊದಲ ಎರಡು ಸ್ಥಾನದಲ್ಲಿ ಉಳಿದವು ಎರಡು ಹಳದಿ ಕಾರುಗಳು. ಮುಂದೆ ಮಾಜಿ ವಿಶ್ವ ಚಾಂಪಿಯನ್ ಡೇಮನ್ ಹಿಲ್, ಹಿಂದೆ ಅವರಿಗಿಂತ ವೇಗವಾಗಿದ್ದ ರಾಲ್ಫ್ ಶೂಮಾಕರ್, ಮೈಕೆಲ್‌ನ ತಮ್ಮ.

ಹಿಲ್ ರೇಡಿಯೋದಲ್ಲಿ ಒಂದು ಮಾತು ಹೇಳಿದರು. ನಾವಿಬ್ಬರೂ ಪೈಪೋಟಿಗಿಳಿದರೆ ಇಬ್ಬರೂ ಬರಿಗೈಯಲ್ಲಿ ಮನೆಗೆ ಹೋಗಬೇಕಾದೀತು ಎಂಬುದು ಅದರ ತಾತ್ಪರ್ಯ. ಜೋರ್ಡನ್ ತಲೆದೂಗಿದ. ರಾಲ್ಫ್‌ಗೆ ಹಿಂದೆಯೇ ಇರುವಂತೆ ಆಜ್ಞೆಯಾಯಿತು. ತಂಡಕ್ಕೆ ಮೊದಲ ಗೆಲುವೂ ಬಂತು, ಮೊದಲ ಎರಡೂ ಸ್ಥಾನಗಳೂ ಬಂದವು. ಜೋರ್ಡನ್ ಪಿಟ್ ಲೇನಿನಲ್ಲಿ ಕುಣಿದಾಡಿದ. ಸಿಟ್ಟಾದ ಮೈಕೆಲ್ ಶೂಮಾಕರ್ ತಮ್ಮನನ್ನು ಮರುವರ್ಷವೇ ಆ ತಂಡದಿಂದ ಬಿಡಿಸಿದ. ಆಜ್ಞೆ ಸರಿಯೇ ತಪ್ಪೇ ಎಂಬ ವಾದ ಇನ್ನೂ ಮುಗಿದಿಲ್ಲ. ಏಳು ವರ್ಷ ಒಂದು ಗೆಲುವಿಗಾಗಿ ಕಾದ ಮನೆಯ ಯಜಮಾನ ಬೇರೆ ಏನು ಮಾಡಬಹುದಿತ್ತು?

1999 ತಂಡದ ಸುಗ್ಗಿಯ ವರ್ಷ. ಹೈನ್ಸ್-ಹರಾಲ್ಡ್ ಫ್ರೆಂಟ್ಜೆನ್ ಫ್ರಾನ್ಸ್‌ನಲ್ಲೂ ಇಟಲಿಯ ಮೋಂಜಾದಲ್ಲೂ ಗೆದ್ದು ತಂಡವನ್ನು 61 ಅಂಕಗಳೊಂದಿಗೆ ಮೂರನೆಯ ಸ್ಥಾನಕ್ಕೆ ಏರಿಸಿದ. ಅಲ್ಲಿಂದ ಮುಂದೆ ಇಳಿಜಾರು. ಕಾರು ತಯಾರಿಸುವ ದೈತ್ಯ ಕಂಪೆನಿಗಳು ಫಾರ್ಮುಲಾ ಒನ್‌ಗೆ ಹಣ ಸುರಿಯತೊಡಗಿದ ಕಾಲ ಅದು. ಖಾಸಗಿ ತಂಡಗಳು ಒಂದೊಂದಾಗಿ ಉಸಿರುಗಟ್ಟಿದವು.

ಆರುವ ಮುನ್ನ ದೀಪ ಒಮ್ಮೆ ಬೆಳಗಿತು. 2003ರ ಏಪ್ರಿಲ್ 6ರಂದು ಬ್ರೆಜಿಲ್‌ನಲ್ಲಿ ಮತ್ತೆ ಮಳೆ, ಮತ್ತೆ ಅಪಘಾತಗಳ ಸರಮಾಲೆ. 54ನೆಯ ಸುತ್ತಿನಲ್ಲಿ ಜೋರ್ಡನ್ ತಂಡದ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮೆಕ್‌ಲಾರೆನ್ ತಂಡದ ಕಿಮಿ ರೈಕೊನೆನ್‌ನನ್ನು ಹಿಂದಿಕ್ಕಿದ. ಅಷ್ಟರಲ್ಲಿ ಭಾರಿ ಅಪಘಾತವಾಗಿ ಪಂದ್ಯ ನಿಂತಿತು. ಹೀಗೆ ಅರ್ಧಕ್ಕೆ ನಿಂತರೆ ಎರಡು ಸುತ್ತು ಹಿಂದಿನ ಸ್ಥಾನಗಳೇ ಅಂತಿಮ ಎಂಬುದು ನಿಯಮ. ಮುಂಚೂಣಿಯ ಕಾರು 55ನೆಯ ಸುತ್ತಿನಲ್ಲಿತ್ತೆಂದು ಭಾವಿಸಿದ ಅಧಿಕಾರಿಗಳು 53ನೆಯ ಸುತ್ತಿಗೆ ಹೋಗಿ ರೈಕೊನೆನ್‌ಗೆ ಗೆಲುವು ಕೊಟ್ಟರು. ಫಿಸಿಕೆಲ್ಲಾ 56ನೆಯ ಸುತ್ತನ್ನು ಆಗಲೇ ಆರಂಭಿಸಿದ್ದನೆಂದು ಕೆಲವು ದಿನಗಳ ನಂತರ ಪ್ಯಾರಿಸ್‌ನಲ್ಲಿ ದಾಖಲೆ ಸಮೇತ ಸಾಬೀತಾಯಿತು. ಹಾಗಾದರೆ ಎಣಿಕೆ 54ಕ್ಕೆ, ಗೆಲುವು ಫಿಸಿಕೆಲ್ಲಾಗೆ! ಮುಂದಿನ ಪಂದ್ಯಕ್ಕೆ ಇಮೋಲಾದಲ್ಲಿ ಸೇರಿದಾಗ ರೈಕೊನೆನ್ ಟ್ರೋಫಿಯನ್ನು ತಂದು ಒಪ್ಪಿಸಿದ. ಜೋರ್ಡನ್ ಹೆಸರಿನ ನಾಲ್ಕನೆಯ ಹಾಗೂ ಕೊನೆಯ ಗೆಲುವು ಹೀಗೆ ಎರಡು ವಾರ ತಡವಾಗಿ ಕೈಸೇರಿತು.

ಕೈಯಿಂದ ಕೈಗೆ

2005ರ ಜನವರಿಯಲ್ಲಿ ಜೋರ್ಡನ್ ತಂಡವನ್ನು ಅಲೆಕ್ಸ್ ಶ್ನೈಡರ್ ಎಂಬ ಕೆನಡಾದ ಉದ್ಯಮಿಗೆ ಮಾರಿದ. ಹಳೆಯ ಹೆಸರಿನಲ್ಲೇ ಓಡಿದ ಆ ಕೊನೆಯ ವರ್ಷ ಭಾರತಕ್ಕೆ ಮುಖ್ಯವಾದದ್ದು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಪಂದ್ಯದಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯನಾದದ್ದು ಇದೇ ಹಳದಿ ಕಾರಿನಲ್ಲಿ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರುಗಳು ಸುರಕ್ಷಿತವಲ್ಲವೆಂದು 14 ಕಾರುಗಳು ಹಿಂದೆ ಸರಿದು, ಕೇವಲ ಆರು ಕಾರುಗಳು ಓಡಿದ ಆ ವಿಲಕ್ಷಣ ಪಂದ್ಯದಲ್ಲಿ ಕಾರ್ತಿಕೇಯನ್ ನಾಲ್ಕನೆಯವರಾಗಿ ಐದು ಅಂಕ ಗಳಿಸಿದರು. 250 ಪಂದ್ಯಗಳ ನಂತರ ಜೋರ್ಡನ್ ಬೋರ್ಡು ಇಳಿಯಿತು.

ಮಿಡ್‌ಲ್ಯಾಂಡ್ ಎಂಬ ಹೆಸರು ಒಂದು ವರ್ಷವೂ ಪೂರ್ತಿ ಬಾಳಲಿಲ್ಲ. 2006ರಲ್ಲೇ ಹಾಲೆಂಡಿನ ಸ್ಪೈಕರ್ ಕಾರು ಕಂಪೆನಿ ಕೊಂಡುಕೊಂಡು ಕಾರಿಗೆ ಕಿತ್ತಳೆ ಬಣ್ಣ ಬಳಿಯಿತು. ಇಡೀ 2007ರಲ್ಲಿ ಗಳಿಸಿದ್ದು ಒಂದು ಅಂಕ. ಆದರೂ ಆ ವರ್ಷ ಒಂದು ತಮಾಷೆ ನಡೆಯಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮೋಡ ಕವಿದದ್ದನ್ನು ಕಂಡ ತಂಡದವರು ತಮ್ಮ ಹೊಸ ಚಾಲಕ ಮಾರ್ಕಸ್ ವಿಂಕಲ್‌ಹಾಕ್‌ಗೆ ಪಂದ್ಯಕ್ಕೆ ಮೊದಲೇ ಮಳೆಯ ಟೈರು ಹಾಕಿ ಕೊನೆಯಿಂದ ಹೊರಡಿಸಿದರು. ಆರಂಭವಾದೊಡನೆ ಆಕಾಶ ಕಳಚಿ ಬಿತ್ತು. ಉಳಿದವರು ಜಾರುತ್ತಾ, ಟೈರು ಬದಲಿಸಲು ಓಡುತ್ತಾ ಇರುವಾಗ ಎಲ್ಲರಿಗಿಂತ ನಿಧಾನದ ಕಾರು ಎಲ್ಲರಿಗಿಂತ ಮುಂದಿತ್ತು! ಪಂದ್ಯ ನಿಂತು ಮತ್ತೆ ಆರಂಭವಾದ ಮೇಲೆ ಆ ಮುನ್ನಡೆ ಕರಗಿ, ಕಾರು ಕೆಟ್ಟು ನಿಂತಿತು. ವಿಂಕಲ್‌ಹಾಕ್ ಮತ್ತೆಂದೂ ಫಾರ್ಮುಲಾ ಒನ್ ಪಂದ್ಯ ಓಡಲಿಲ್ಲ.

ಬೆಂಗಳೂರಿನ ಒಡೆಯ

2007ರ ಅಕ್ಟೋಬರ್‌ನಲ್ಲಿ 88 ದಶಲಕ್ಷ ಯೂರೋಗಳಿಗೆ ತಂಡ ಮತ್ತೆ ಕೈ ಬದಲಿಸಿತು. ಕೊಂಡವರು ಬೆಂಗಳೂರಿನ ಯು.ಬಿ. ಸಮೂಹದ ವಿಜಯ ಮಲ್ಯ ಮತ್ತು ಹಾಲೆಂಡಿನ ಮೋಲ್ ಕುಟುಂಬ. ಬಂಟ್ವಾಳ ಮೂಲದ ವಿಠಲ ಮಲ್ಯರ ಮಗನಿಗೆ ಕಾರಿನ ಹುಚ್ಚು ಹೊಸದಾಗಿರಲಿಲ್ಲ. ಹರೆಯದಲ್ಲಿ ಮದರಾಸಿನ ಬಳಿಯ ಶೋಲಾವರಂ ಟ್ರ್ಯಾಕಿನಲ್ಲಿ ಸ್ವತಃ ರೇಸ್ ಕಾರು ಓಡಿಸಿದವರು. ತಂಡಕ್ಕೆ ಫೋರ್ಸ್ ಇಂಡಿಯಾ ಎಂಬ ಹೆಸರು, ಭಾರತದ ಲೈಸೆನ್ಸು. ಪ್ರತಿ ಕಾರಿನ ಹೆಸರಿನ ಆರಂಭದಲ್ಲಿ ವಿಜೆಎಂ ಎಂಬ ಮೂರು ಅಕ್ಷರ. ವಿಜಯ್, ಯಾನ್ ಮೋಲ್, ಮಿಶಿಯೆಲ್ ಮೋಲ್ ಹೆಸರುಗಳ ಸಂಕ್ಷಿಪ್ತ ರೂಪ ಅದು.

ಹೆಸರಿನಲ್ಲಿ ಇಂಡಿಯಾ ಇದ್ದರೂ ಕಾರ್ಖಾನೆ ಸಿಲ್ವರ್‌ಸ್ಟೋನ್‌ನಿಂದ ಕದಲಲಿಲ್ಲ. ಕೆಲಸಗಾರರೂ ಬಹುಪಾಲು ಅಲ್ಲಿನವರೇ. ಭಾರತೀಯ ಚಾಲಕನೊಬ್ಬ ಈ ತಂಡದ ಪರವಾಗಿ ಒಂದು ಪಂದ್ಯವನ್ನೂ ಓಡಲಿಲ್ಲ ಎಂಬುದು ಅಭಿಮಾನಿಗಳ ಕೊರಗಾಗಿಯೇ ಉಳಿಯಿತು. 2011ರಲ್ಲಿ ಎಳೆಯ ಪ್ರತಿಭೆಗಳ ಶೋಧ ನಡೆಸಿ ಮೂವರು ಹುಡುಗರನ್ನು ಆರಿಸಲಾಯಿತು. ಅವರಲ್ಲಿ ಒಬ್ಬ ಬೆಂಗಳೂರಿನ ಅರ್ಜುನ್ ಮೈನಿ, ಮತ್ತೊಬ್ಬ ಮುಂಬಯಿಯ ಜೆಹಾನ್ ದಾರುವಾಲಾ. ಇಬ್ಬರೂ ಮುಂದೆ ಯೂರೋಪಿನಲ್ಲಿ ಹೆಸರು ಮಾಡಿದರೂ ಫಾರ್ಮುಲಾ ಒನ್ ಪಂದ್ಯದ ಬಾಗಿಲು ಅವರಿಗೆ ತೆರೆಯಲಿಲ್ಲ.

ಮೊದಲ ವರ್ಷ ಸೊನ್ನೆ. 2008ರ ಮೊನಾಕೊದಲ್ಲಿ ಏಡ್ರಿಯನ್ ಸುಟಿಲ್ ಮಳೆಯಲ್ಲಿ ಅದ್ಭುತವಾಗಿ ಓಡಿಸಿ ನಾಲ್ಕನೆಯ ಸ್ಥಾನದಲ್ಲಿದ್ದಾಗ, ಇನ್ನು ಕೆಲವೇ ಸುತ್ತು ಬಾಕಿಯಿರುವಂತೆ ರೈಕೊನೆನ್‌ನ ಫೆರಾರಿ ಹತೋಟಿ ತಪ್ಪಿ ಹಿಂದಿನಿಂದ ಗುದ್ದಿತು. ಸುಟಿಲ್ ಗ್ಯಾರೇಜಿನಲ್ಲಿ ಕುಳಿತು ಅತ್ತುಬಿಟ್ಟ. ಮರುವರ್ಷ ಮರ್ಸಿಡಿಸ್ ಎಂಜಿನ್ ಬಂತು. 2009ರ ಆಗಸ್ಟ್‌ನಲ್ಲಿ ಸ್ಪಾದಲ್ಲಿ, ಈ ತಂಡದ ಕಥೆಯಲ್ಲಿ ಮತ್ತೆ ಮತ್ತೆ ಬರುವ ಅದೇ ಸ್ಪಾದಲ್ಲಿ, ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟ. ಬ್ರೆಜಿಲ್‌ನಲ್ಲಿ ಜೋರ್ಡನ್‌ಗೆ ಕೊನೆಯ ಗೆಲುವು ತಂದ ಅದೇ ಫಿಸಿಕೆಲ್ಲಾ. ಎದುರಾಳಿಯೂ ಅದೇ ರೈಕೊನೆನ್. ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟು, ಗುಂಡಿ ಒತ್ತಿದಾಗ ಎಂಜಿನ್‌ಗೆ ಸೇರಿಸುವ ಕರ್ಸ್ ಎಂಬ ಉಪಕರಣ ಫೆರಾರಿಯಲ್ಲಿತ್ತು, ಫೋರ್ಸ್ ಇಂಡಿಯಾದಲ್ಲಿ ಇರಲಿಲ್ಲ. ಉದ್ದದ ನೇರ ದಾರಿಯಲ್ಲಿ ಅದರ ಬಲದಿಂದ ರೈಕೊನೆನ್ ದಾಟಿಹೋದ. ಉಳಿದ ಸುತ್ತುಗಳಲ್ಲೆಲ್ಲ ಬೆನ್ನಿಗೇ ಅಂಟಿದ್ದ ಫಿಸಿಕೆಲ್ಲಾ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವನಾದ. ಫೋರ್ಸ್ ಇಂಡಿಯಾದ ಮೊದಲ ಅಂಕಗಳು ಅವು. ಗೆಲುವಿಗೆ ಇಷ್ಟು ಹತ್ತಿರ ಆ ಹೆಸರು ಮತ್ತೆಂದೂ ಹೋಗಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಸಹಾರಾ ಸಮೂಹ 100 ದಶಲಕ್ಷ ಡಾಲರ್ ತೊಡಗಿಸಿ ಪಾಲುದಾರನಾಯಿತು. ಅದೇ ತಿಂಗಳ 30ರಂದು ಗ್ರೇಟರ್ ನೊಯಿಡಾದಲ್ಲಿ ಭಾರತದ ಮೊದಲ ಗ್ರ್ಯಾನ್ ಪ್ರಿ ನಡೆಯಿತು. ಕಿತ್ತಳೆ, ಬಿಳಿ, ಹಸಿರಿನ ಕಾರಿಗೆ ಜನ ಕೇಕೆ ಹಾಕಿದರು. ಸುಟಿಲ್‌ಗೆ ಒಂಬತ್ತನೆಯ ಸ್ಥಾನ.

ಒಂದೇ ವರ್ಷದಲ್ಲಿ ಚಿತ್ರ ಬದಲಾಯಿತು. 2012ರ ಅಕ್ಟೋಬರ್‌ನಲ್ಲಿ ಮಲ್ಯ ಒಡೆತನದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಲೈಸೆನ್ಸು ಅಮಾನತಾಯಿತು. ತಿಂಗಳುಗಟ್ಟಲೆ ಸಂಬಳ ಕಾಣದ ಪೈಲಟ್‌ಗಳು, ಎಂಜಿನಿಯರುಗಳು ಬೀದಿಗಿಳಿದಿದ್ದರು. ಅದೇ ತಿಂಗಳ 28ರಂದು ನೊಯಿಡಾದಲ್ಲಿ ಎರಡನೆಯ ಗ್ರ್ಯಾನ್ ಪ್ರಿ, ಅಲ್ಲಿ ಮಲ್ಯರ ತಂಡದ ಎರಡು ಕಾರು. ವಿಮಾನ ಕಂಪೆನಿ ಬೇರೆ, ರೇಸ್ ತಂಡ ಬೇರೆ ಎಂಬುದು ಕಾನೂನಿನ ಪ್ರಕಾರ ನಿಜ. ಆದರೆ ಸಂಬಳವಿಲ್ಲದೆ ಮಕ್ಕಳ ಶಾಲೆಯ ಫೀಜು ಕಟ್ಟಲಾಗದವರಿಗೆ ಈ ವ್ಯತ್ಯಾಸ ಹೇಗೆ ಕಂಡೀತು? 2014ರ ಮಾರ್ಚ್‌ನಲ್ಲಿ ಸಹಾರಾ ಮುಖ್ಯಸ್ಥ ಸುಬ್ರತಾ ರಾಯ್ ಹೂಡಿಕೆದಾರರ ಹಣದ ಪ್ರಕರಣದಲ್ಲಿ ಜೈಲು ಸೇರಿದರು. 2016ರ ಮಾರ್ಚ್ 2ರಂದು, ಬ್ಯಾಂಕುಗಳು ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಬಾಕಿಗಾಗಿ ಬೆನ್ನು ಹತ್ತಿರುವಾಗ, ಮಲ್ಯ ಭಾರತ ಬಿಟ್ಟು ಇಂಗ್ಲೆಂಡ್ ಸೇರಿದರು.

ಸೋಜಿಗವೆಂದರೆ, ಒಡೆಯರು ಮುಳುಗುತ್ತಿದ್ದ ಅದೇ ವರ್ಷಗಳಲ್ಲಿ ತಂಡ ಮೇಲೇರುತ್ತಿತ್ತು. 1991ರ ಹಸಿರು ಕಾರನ್ನು ರೂಪಿಸಿದ ಹುಡುಗರಲ್ಲಿ ಒಬ್ಬನಾಗಿದ್ದ ಆ್ಯಂಡ್ರೂ ಗ್ರೀನ್ ಹಿಂದಿರುಗಿ ತಾಂತ್ರಿಕ ನಿರ್ದೇಶಕರಾಗಿದ್ದರು. ಆಗ ಮೆಕ್ಯಾನಿಕ್ ಆಗಿದ್ದ ಆ್ಯಂಡಿ ಸ್ಟೀವನ್‌ಸನ್ ಈಗ ಟ್ರ್ಯಾಕಿನ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುವ ಕ್ರೀಡಾ ನಿರ್ದೇಶಕ. ಗೇರುಪೆಟ್ಟಿಗೆಯನ್ನೂ ಎಂಜಿನನ್ನೂ ಮರ್ಸಿಡಿಸ್‌ನಿಂದ ಕೊಂಡು, ತಮ್ಮಲ್ಲಿದ್ದ ಅಲ್ಪ ಹಣವನ್ನು ಕಾರಿನ ಒಡಲಿಗಷ್ಟೇ ಖರ್ಚು ಮಾಡುವ ಜಾಣತನ ಅವರದು. 2016ರಲ್ಲಿ 173 ಅಂಕ, 2017ರಲ್ಲಿ 187. ಎರಡೂ ವರ್ಷ ನಾಲ್ಕನೆಯ ಸ್ಥಾನ. ಮೇಲಿದ್ದ ಮೂರು ತಂಡಗಳು ಮರ್ಸಿಡಿಸ್, ಫೆರಾರಿ ಮತ್ತು ರೆಡ್ ಬುಲ್. ನಾಲ್ಕುನೂರು ಚಿಲ್ಲರೆ ಜನರ ತಂಡವೊಂದು ಮಹಾ ಶ್ರೀಮಂತರ ಹಿಂದೆಯೇ ನಿಂತಿತ್ತು. ಬಿಡಬ್ಲ್ಯುಟಿ ಎಂಬ ಆಸ್ಟ್ರಿಯದ ನೀರು ಶುದ್ಧೀಕರಣ ಕಂಪೆನಿಯ ಹಣ ಬಂದು ಕಾರು ಗುಲಾಬಿಯಾದದ್ದು 2017ರಲ್ಲಿ.

ಚಾಲಕನೇ ದಾವೆ ಹೂಡಿದಾಗ

2018ರ ಬೇಸಗೆಗೆ ಬಿಡಿಭಾಗ ಕೊಡುವವರ ಬಿಲ್ಲುಗಳು ರಾಶಿ ಬಿದ್ದಿದ್ದವು. ತಂಡದ ಮೆಕ್ಸಿಕನ್ ಚಾಲಕ ಸರ್ಜಿಯೊ ಪೆರೆಝ್‌ಗೂ ಸಂಬಳ ಬಾಕಿ. ಬಾಕಿದಾರರಲ್ಲಿ ಯಾರಾದರೂ ಕಂಪೆನಿಯನ್ನೇ ಮುಚ್ಚಿಸಿ ಹಣ ವಸೂಲು ಮಾಡುವಂತೆ ನ್ಯಾಯಾಲಯವನ್ನು ಕೇಳಬಹುದಿತ್ತು. ಹಾಗಾದರೆ ಯಂತ್ರಗಳು ಹರಾಜಿಗೆ, ಜನ ಮನೆಗೆ. ಇಂಗ್ಲೆಂಡಿನ ಕಾನೂನಿನಲ್ಲಿ ಇನ್ನೊಂದು ದಾರಿಯೂ ಇದೆ. ಮುಳುಗುವ ಕಂಪೆನಿಯನ್ನು ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ವಶಕ್ಕೆ ಕೊಟ್ಟು, ಕೆಲಸ ನಿಲ್ಲದಂತೆ ನಡೆಸುತ್ತಾ, ಕೊಳ್ಳುವವರನ್ನು ಹುಡುಕುವುದು. ಬಾಕಿದಾರನೊಬ್ಬ ಅದಕ್ಕಾಗಿ ಅರ್ಜಿ ಹಾಕಬಹುದು.

ಅರ್ಜಿ ಹಾಕಿದ್ದು ಪೆರೆಝ್. ಮರ್ಸಿಡಿಸ್ ಮತ್ತು ಬಿಡಬ್ಲ್ಯುಟಿ ಬೆಂಬಲಕ್ಕೆ ನಿಂತವು. ಜುಲೈ 27ರ ಶುಕ್ರವಾರ, ತಂಡ ಹಂಗೆರಿಯಲ್ಲಿ ಅಭ್ಯಾಸ ನಡೆಸುತ್ತಿದ್ದಾಗ, ಲಂಡನ್ನಿನಲ್ಲಿ ಆದೇಶ ಹೊರಬಿತ್ತು. ತನ್ನ ತಂಡದ ಮೇಲೆ ತಾನೇ ದಾವೆ ಹೂಡಿದನೆಂದು ಪೆರೆಝ್‌ನನ್ನು ಮೊದಲು ಜರೆದವರಿದ್ದರು. ತಂಡದ ಒಳಗಿನವರೇ ಕೇಳಿಕೊಂಡಿದ್ದರಿಂದ, ಅಲ್ಲಿ ದುಡಿಯುವವರ ಕೆಲಸ ಉಳಿಸಲು ಹಾಗೆ ಮಾಡಿದ್ದಾಗಿ ಆತ ತಿಳಿಸಿದ.

ಕೆನಡಾದ ಉಡುಪು ವ್ಯಾಪಾರದ ಕೋಟ್ಯಧಿಪತಿ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಕೊಳ್ಳಲು ಮುಂದೆ ಬಂತು. 405 ಜನರ ಕೆಲಸ ಉಳಿಯಿತು, ಬಾಕಿದಾರರಿಗೆ ಪೂರ್ತಿ ಹಣ ಸಿಗುವುದೆಂದು ಆಡಳಿತಾಧಿಕಾರಿಗಳು ಸಾರಿದರು. ಆದರೆ ಒಂದು ತೊಡಕು. ಕಂಪೆನಿಯ ಷೇರುಗಳನ್ನೇ ಮಾರಬೇಕಾದರೆ, ಮಲ್ಯರ ಆಸ್ತಿಗಳ ಮೇಲೆ ತಡೆ ತಂದಿದ್ದ 13 ಭಾರತೀಯ ಬ್ಯಾಂಕುಗಳ ಒಪ್ಪಿಗೆ ಬೇಕು. ಅದು ಸಕಾಲಕ್ಕೆ ಕೂಡಿಬರಲಿಲ್ಲ. ಹಾಗಾಗಿ ಷೇರು ಬಿಟ್ಟು, ಯಂತ್ರ, ಕಾರು, ಕಟ್ಟಡಗಳನ್ನಷ್ಟೇ ಹೊಸ ಕಂಪೆನಿಗೆ ಮಾರಲಾಯಿತು. ಹೊಸ ಕಂಪೆನಿ ಎಂದರೆ ನಿಯಮದ ಪ್ರಕಾರ ಹೊಸ ತಂಡ. ಹಳೆಯದು ಆ ವರ್ಷ ಗಳಿಸಿದ್ದ 59 ಅಂಕಗಳು ಅಳಿಸಿಹೋದವು. ಭಾರತದ ಲೈಸೆನ್ಸು ಹೋಗಿ ಬ್ರಿಟನ್ನಿನದು ಬಂತು. ಡಬ್ಲಿನ್ನಿನ ಬ್ಯಾಂಕುಗಳು ಮುಚ್ಚಿದ್ದರಿಂದ ಬೀಜ ಬಿದ್ದ ತಂಡದ ಲೆಕ್ಕವನ್ನು ನಮ್ಮ ಬ್ಯಾಂಕುಗಳು ಸೊನ್ನೆಗಿಳಿಸಿದವು!

ಒಂದು ತಿಂಗಳೊಳಗೆ ಸ್ಪಾದಲ್ಲಿ, ಅದೇ ಕಾರು, ಅದೇ ಜನ, ಸೊನ್ನೆ ಅಂಕ. ಅರ್ಹತಾ ಸುತ್ತಿನಲ್ಲಿ ಮೂರನೆಯ ಹಾಗೂ ನಾಲ್ಕನೆಯ ಸ್ಥಾನ. ಪಂದ್ಯದಲ್ಲಿ ಪೆರೆಝ್ ಐದನೆಯವ, ಎಸ್ಟೆಬಾನ್ ಒಕೊನ್ ಆರನೆಯವ. ಉಳಿದ ಪಂದ್ಯಗಳಲ್ಲಿ 52 ಅಂಕ ಗಳಿಸಿ ಏಳನೆಯ ಸ್ಥಾನ ಪಡೆದರು. ಅಳಿಸಿದ್ದನ್ನೂ ಕೂಡಿಸಿದ್ದರೆ ಐದನೆಯ ಸ್ಥಾನವಾಗುತ್ತಿತ್ತು.

ರೇಸಿಂಗ್ ಪಾಯಿಂಟ್ ಎಂಬ ಐದನೆಯ ಹೆಸರು ಬಾಳಿದ್ದು 2020ರವರೆಗೆ. ಆ ವರ್ಷದ ಕಾರು ಹಿಂದಿನ ವರ್ಷದ ಮರ್ಸಿಡಿಸ್‌ನ ನಕಲೆಂದು ಗಲಾಟೆಯಾಗಿ, ಬ್ರೇಕಿಗೆ ಗಾಳಿ ಹಾಯಿಸುವ ಭಾಗದ ವಿಚಾರದಲ್ಲಿ 15 ಅಂಕ ಕಡಿತ, 4 ಲಕ್ಷ ಯೂರೋ ದಂಡ ಬಿತ್ತು. ಸೆಪ್ಟೆಂಬರ್‌ನಲ್ಲಿ, ಮುಂದಿನ ವರ್ಷ ಸೆಬಾಸ್ಟಿಯನ್ ವೆಟಲ್ ಬರುವುದರಿಂದ ಪೆರೆಝ್‌ಗೆ ಜಾಗವಿಲ್ಲವೆಂದು ಸಾರಲಾಯಿತು. ಸ್ಟ್ರೋಲ್ ಮಗ ಲ್ಯಾನ್ಸ್‌ನ ಜಾಗ ಭದ್ರವಾಗಿತ್ತು. ತಂಡ ಉಳಿಸಲು ನ್ಯಾಯಾಲಯದ ಮೆಟ್ಟಿಲೇರಿದವನಿಗೇ ಸೀಟಿಲ್ಲ!

ಡಿಸೆಂಬರ್ 6ರಂದು ಬಹರೇನ್‌ನಲ್ಲಿ ಸಖೀರ್ ಗ್ರ್ಯಾನ್ ಪ್ರಿ. ಮೊದಲ ಸುತ್ತಿನಲ್ಲೇ ಡಿಕ್ಕಿಯಾಗಿ ಪೆರೆಝ್ 18ನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಬಿದ್ದ. ಅಲ್ಲಿಂದ ಒಬ್ಬೊಬ್ಬರನ್ನಾಗಿ ಹಿಂದಿಕ್ಕುತ್ತಾ ಬಂದ. ಮುಂದಿದ್ದ ಮರ್ಸಿಡಿಸ್‌ನವರು ಟೈರು ಬದಲಿಸುವಾಗ ಎಡವಿದರು. ಪೆರೆಝ್ ಗೆದ್ದ. ಅದು ಆತನ 190ನೆಯ ಪಂದ್ಯ, ಮೊದಲ ಗೆಲುವು. ಫಿಸಿಕೆಲ್ಲಾ ಬ್ರೆಜಿಲ್‌ನಲ್ಲಿ ಗೆದ್ದು 17 ವರ್ಷಗಳಾದ ಮೇಲೆ ಸಿಲ್ವರ್‌ಸ್ಟೋನ್‌ನ ಆ ಕಾರ್ಖಾನೆಯ ಕಾರು ಮತ್ತೆ ಮೊದಲಾಗಿ ಬಂದಿತ್ತು. ಎರಡನೆಯವನಾಗಿ ವೇದಿಕೆ ಹತ್ತಿದವನು ಎರಡು ವರ್ಷ ಹಿಂದಿನವರೆಗೆ ಅದೇ ತಂಡದಲ್ಲಿದ್ದ ಒಕೊನ್, ಮೂರನೆಯವನು ಲ್ಯಾನ್ಸ್ ಸ್ಟ್ರೋಲ್.

2021ರಿಂದ ಗೇಟಿನ ಮೇಲೆ ಆಸ್ಟನ್ ಮಾರ್ಟಿನ್ ಎಂಬ ಬೋರ್ಡಿದೆ, ಕಾರಿಗೆ ಮತ್ತೆ ಹಸಿರು ಬಣ್ಣ ಬಂದಿದೆ. 2023ರಲ್ಲಿ ಹಳೆಯ ಕಟ್ಟಡದ ಪಕ್ಕದಲ್ಲೇ ಭಾರಿ ಹೊಸ ಕಾರ್ಖಾನೆ ತೆರೆಯಿತು. ಆ ವರ್ಷ ಫರ್ನಾಂಡೊ ಅಲೊನ್ಸೊ ಎಂಟು ಬಾರಿ ವಿಜಯ ವೇದಿಕೆ ಹತ್ತಿದ. 2025ರಲ್ಲಿ ಕಾರು ವಿನ್ಯಾಸದ ಮಾಂತ್ರಿಕನೆನಿಸಿದ ಏಡ್ರಿಯನ್ ನ್ಯೂಯಿಯೂ ಬಂದು ಸೇರಿದರು. ಹಣಕ್ಕೆ ಈಗ ಕೊರತೆಯಿಲ್ಲ. ಆದರೂ 2025ರ ಋತು ಮುಗಿಯುವವರೆಗೆ ಆ ಹೆಸರಿಗೆ ಒಂದು ಗೆಲುವೂ ದಕ್ಕಿರಲಿಲ್ಲ.

ದಾಖಲೆ ಪುಸ್ತಕ ಬೋರ್ಡನ್ನಷ್ಟೇ ನೋಡುತ್ತದೆ. ಜೋರ್ಡನ್‌ಗೆ ನಾಲ್ಕು ಗೆಲುವು, ರೇಸಿಂಗ್ ಪಾಯಿಂಟ್‌ಗೆ ಒಂದು, ಫೋರ್ಸ್ ಇಂಡಿಯಾಗೆ ಸೊನ್ನೆ ಎಂದು ಬೇರೆ ಬೇರೆ ಪುಟಗಳಲ್ಲಿ ಬರೆದಿಡುತ್ತದೆ. ಎಡ್ಡಿ ಜೋರ್ಡನ್ 2025ರ ಮಾರ್ಚ್ 20ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಆತನಿಗೆ 76 ವರ್ಷ. ಆತ ಕೆಲಸಕ್ಕೆ ಸೇರಿಸಿಕೊಂಡ ಮೆಕ್ಯಾನಿಕ್ ಸ್ಟೀವನ್‌ಸನ್ ಆರನೆಯ ಬೋರ್ಡಿನ ಕೆಳಗೂ ಅದೇ ಕಾರ್ಖಾನೆಗೆ ಬರುತ್ತಿದ್ದರು.